ಕರೆಂಟು ಹೋದ ಮೇಲಿನ ಹತ್ತು ನಿಮಿಷ

ಕಬ್ಬಿಣ ಕರಗಿಸಿ ಎರಕ ಹೊಯ್ಯುವ ನಮ್ಮ ಹೊಸ ಫೌಂಡ್ರಿಯ ನಕ್ಷೆಯನ್ನು ಮೇಜಿನ ಮೇಲೆ ಹಾಸಿದ ದಿನ ಕಾಕಾ ಅವರನ್ನೂ ಒಳಗೆ ಕರೆದಿದ್ದೆ. ಹಳೆ ಶೆಡ್ಡಿನಲ್ಲಿ ಫರ್ನೇಸ್ ಮುಂದೆ, ಅಂದರೆ ಕಬ್ಬಿಣ ಕರಗಿಸಿ ರಸ ಮಾಡುವ ಕುಲುಮೆಯ ಮುಂದೆ, ಇಪ್ಪತ್ತೆರಡು ವರ್ಷ ನಿಂತವರು ಅವರು. ನಕ್ಷೆ ಓದಿ ರೂಢಿ ಇರಲಿಲ್ಲ. ಫರ್ನೇಸ್ ಎಲ್ಲಿ, ನೀರಿನ ಪೈಪು ಎಲ್ಲಿ ಅಂತ ನಾನು ಬೆರಳಿಟ್ಟು ತೋರಿಸಿದ್ದೇ ತಡ, ಕೇಳಿದರು:

"ಸಾಹೇಬ್ರ, ರಸ ತುಂಬಿದಾಗ ಕರೆಂಟ್ ಹೋದ್ರ ಈ ಪೈಪಿನ್ಯಾಗ ನೀರ ಎಲ್ಲಿಂದ ಬರ್ತೈತಿ?"

"ಜನರೇಟರ್ ಇದೆಯಲ್ಲ ಕಾಕಾ. ಹತ್ತು ಸೆಕೆಂಡಿನಲ್ಲಿ ತಾನೇ ಚಾಲೂ ಆಗುತ್ತೆ."

"ಆಗ್ಲಿಲ್ಲಂದ್ರ?"

ಆ ದಿನ ನಕ್ಷೆಯನ್ನು ಸುತ್ತಿಟ್ಟೆ. ಮುಂದಿನ ಹನ್ನೊಂದು ತಿಂಗಳು ನಾನು ಮಾಡಿದ ಕೆಲಸವೆಲ್ಲ ಆ ಒಂದು ಪ್ರಶ್ನೆಯಿಂದಲೇ ಶುರುವಾಯಿತು.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಮೇಂಟೆನೆನ್ಸ್ ಎಂಜಿನಿಯರ್. ನಮ್ಮಲ್ಲಿ ಪಂಪು, ವಾಲ್ವು, ಗಾಡಿಗಳ ಬಿಡಿಭಾಗಗಳಿಗೆ ಬೇಕಾದ ಕಬ್ಬಿಣದ ಎರಕ ಆಗುತ್ತದೆ. ಜಾಗ ಸಾಲದೆ ಮಾಲಕರು ಊರ ಹೊರಗಿನ ಕೈಗಾರಿಕಾ ಪ್ರದೇಶದಲ್ಲಿ ಎರಡು ಎಕರೆ ಪ್ಲಾಟು ತಗೊಂಡರು. ಹಳೆಯ 500 ಕೆಜಿ ಫರ್ನೇಸ್ ಬದಲು 1 ಟನ್ನಿನದು, ಅದಕ್ಕೆ ಕರೆಂಟು ಕೊಡುವ 750 ಕಿಲೋವ್ಯಾಟ್ ಪ್ಯಾನೆಲ್. ಕಟ್ಟಡ ಕಟ್ಟುವವರು ಬೇರೆ, ಮಷೀನು ಕೊಡುವವರು ಬೇರೆ. ನಡುವಿನದೆಲ್ಲ ನನ್ನ ಪಾಲಿಗೆ ಬಂತು: ಕರೆಂಟು, ನೀರು, ಗಾಳಿ, ಚರಂಡಿ, ಅರ್ಥಿಂಗ್. ಇವಿಷ್ಟನ್ನೂ ಸೇರಿಸಿ ನಾವು ಯುಟಿಲಿಟಿ ಅಂತೀವಿ.

ಫೌಂಡ್ರಿ ಗೊತ್ತಿಲ್ಲದವರಿಗೆ ಕಾಕಾ ಯಾಕೆ ಹಾಗೆ ಕೇಳಿದರು ಅಂತ ಹೇಳಬೇಕು. ಇಂಡಕ್ಷನ್ ಫರ್ನೇಸ್ ಅಂದರೆ ದಪ್ಪ ತಾಮ್ರದ ಪೈಪನ್ನು ಸುರುಳಿ ಸುತ್ತಿ ಮಾಡಿದ ಬಾವಿಯಂಥದ್ದು. ಆ ಸುರುಳಿಗೆ ಕಾಯಿಲ್ ಅಂತೀವಿ. ಆ ಪೈಪಿನೊಳಗೆ ನೀರು ಹರಿಯುತ್ತಲೇ ಇರಬೇಕು. ಸುರುಳಿಯ ಒಳಮೈಗೆ ಸಿಲಿಕಾ ಪುಡಿಯನ್ನು ಬಡಿದು ಬಡಿದು ಕೂರಿಸಿದ ಲೈನಿಂಗ್ ಇರುತ್ತದೆ, ಸುಮಾರು ನಾಲ್ಕು ಇಂಚು ದಪ್ಪ. ಆ ನಾಲ್ಕು ಇಂಚಿನ ಒಂದು ಕಡೆ 1,500 ಡಿಗ್ರಿಯ ಕಬ್ಬಿಣದ ರಸ, ಇನ್ನೊಂದು ಕಡೆ ನೀರು ತುಂಬಿದ ತಾಮ್ರ. ಕರೆಂಟು ಹೋದರೆ ಬಿಸಿ ಮಾಡುವುದು ನಿಲ್ಲುತ್ತದೆ, ನಿಜ. ಆದರೆ ರಸದಲ್ಲಿ, ಲೈನಿಂಗ್‌ನಲ್ಲಿ ಇರುವ ಕಾವು ಎಲ್ಲಿ ಹೋಗಬೇಕು? ಅದು ತಾಮ್ರದ ಕಡೆಗೇ ಬರುತ್ತದೆ. ನೀರು ನಿಂತಿದ್ದರೆ ಅಲ್ಲೇ ಕುದಿಯುತ್ತದೆ, ಹೋಸ್ ಸಿಡಿಯುತ್ತದೆ. ತಾಮ್ರ ತೂತಾಗಿ ನೀರು ರಸದ ಕೆಳಗೆ ಸೇರಿಬಿಟ್ಟರೆ ಇನ್ನೂ ಕೆಟ್ಟದು. ಒಂದು ಲೀಟರ್ ನೀರು ಆವಿಯಾದರೆ ಸುಮಾರು 1,600 ಲೀಟರ್ ಜಾಗ ಬೇಡುತ್ತದೆ, ಅದೂ ಕಣ್ಣು ಮುಚ್ಚಿ ತೆರೆಯುವುದರೊಳಗೆ. ಮೇಲಿರುವ ರಸವನ್ನು ಎತ್ತಿ ಎಸೆಯುತ್ತದೆ.

ಹಳೆ ಶೆಡ್ಡಿನಲ್ಲಿ ಒಂದು ಮಳೆಗಾಲದ ರಾತ್ರಿ ಕರೆಂಟು ಹೋಗಿ, ಬ್ಯಾಟರಿ ಸತ್ತು ಜನರೇಟರ್ ಎದ್ದಿರಲಿಲ್ಲ. ಆಗ ನಾನಿನ್ನೂ ಕೆಲಸಕ್ಕೆ ಸೇರಿರಲಿಲ್ಲ. ಕಾಕಾ ಮತ್ತು ಇನ್ನಿಬ್ಬರು ಬಕೆಟ್‌ನಲ್ಲಿ ನೀರು ಹೊತ್ತು, ಏಣಿ ಹತ್ತಿ, ಕಾಯಿಲ್‌ನ ಹೋಸಿಗೆ ಫನೆಲ್ ಹಿಡಿದು ಸುರಿದಿದ್ದರಂತೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಅವರು ಅದನ್ನು ಹೇಳುವಾಗ ಇವತ್ತಿಗೂ ಕೈ ಒರೆಸಿಕೊಳ್ಳುತ್ತಾರೆ.

ಮೊದಲು ಲೋಡ್ ಪಟ್ಟಿ ಮಾಡಿದೆ, ಯಾವ ಮಷೀನಿಗೆ ಎಷ್ಟು ಕರೆಂಟು ಬೇಕು ಅಂತ. ಒಂದು ಟನ್ ಕಬ್ಬಿಣ ಕರಗಿಸಲು ಸುಮಾರು 550ರಿಂದ 650 ಯೂನಿಟ್ ಬೇಕು. ಪ್ಯಾನೆಲ್‌ನಲ್ಲಿ ಆಗುವ ನಷ್ಟ ಸೇರಿಸಿದರೆ ಫರ್ನೇಸ್ ಒಂದೇ 780 ಕಿಲೋವ್ಯಾಟ್ ಎಳೆಯುತ್ತದೆ. ಉಳಿದದ್ದು ಅಚ್ಚಿನ ಮರಳು ಕಲಸುವ ಸ್ಯಾಂಡ್ ಪ್ಲಾಂಟು, ಕಂಪ್ರೆಸರ್, ಉಕ್ಕಿನ ಗುಂಡು ಎರಚಿ ಎರಕ ಶುಚಿ ಮಾಡುವ ಶಾಟ್ ಬ್ಲಾಸ್ಟ್, ಕ್ರೇನು, ಗ್ರೈಂಡರ್‌ಗಳು. ಅವುಗಳ ನೇಮ್‌ಪ್ಲೇಟ್ ಮೇಲೆ ಬರೆದ ಅಂಕಿ ಕೂಡಿಸಿದರೆ 420 ಕಿಲೋವ್ಯಾಟ್ ಬಂತು. ಎಲ್ಲವೂ ಒಟ್ಟಿಗೆ ಓಡುವುದಿಲ್ಲವಲ್ಲ. ಹಳೆ ಶೆಡ್ಡಿನಲ್ಲಿ ಒಂದು ವಾರ ಕ್ಲ್ಯಾಂಪ್ ಮೀಟರ್ ಹಿಡಿದು ಅಳೆದು ನೋಡಿದೆ. ಆ ಲೆಕ್ಕದಲ್ಲಿ ಹೊಸ ಜಾಗಕ್ಕೆ 230 ಸಾಕು ಅನ್ನಿಸಿತು. ಹೀಗೆ 1,100 ಕೆವಿಎ ಕಾಂಟ್ರ್ಯಾಕ್ಟ್ ಡಿಮ್ಯಾಂಡ್, ಅಂದರೆ ಗರಿಷ್ಠ ಇಷ್ಟು ಎಳೀತೀವಿ ಅಂತ ವಿದ್ಯುತ್ ಕಂಪನಿ ಜೊತೆಗಿನ ಒಪ್ಪಂದ, ಕೇಳುವುದು ಅಂತ ಆಯಿತು. ಜಾಸ್ತಿ ಕೇಳಿದರೆ ಬಳಸದಿದ್ದರೂ ತಿಂಗಳು ತಿಂಗಳು ಒಂದು ಪಾಲು ಕಟ್ಟಬೇಕು. ಕಡಿಮೆ ಕೇಳಿ ಮೀರಿದರೆ ದಂಡದ ದರ ಬೀಳುತ್ತದೆ. ಹೊಸ ಫೌಂಡ್ರಿ ಹಾಕುವವರು ಈ ಒಂದು ವಾರದ ಅಳತೆಯನ್ನು ದಯವಿಟ್ಟು ಬಿಡಬೇಡಿ. ನೇಮ್‌ಪ್ಲೇಟ್ ನಂಬಿ ಅರ್ಜಿ ಹಾಕಿದ್ದರೆ ನಾವು ಪ್ರತಿ ತಿಂಗಳೂ ಸುಮ್ನೆ ದುಡ್ಡು ಕಟ್ಟುತ್ತಿದ್ದೆವು.

ಟ್ರಾನ್ಸ್‌ಫಾರ್ಮರ್ ಎರಡು ಬೇಕೇ ಬೇಕು ಅಂತ ಹಟ ಹಿಡಿದೆ. ಫರ್ನೇಸಿಗೆ ಒಂದು, ಉಳಿದದ್ದಕ್ಕೆ ಒಂದು. ಫರ್ನೇಸ್ ಪ್ಯಾನೆಲ್ ನಮ್ಮ 50 ಹರ್ಟ್ಸ್ ಕರೆಂಟನ್ನು ಡಿಸಿ ಮಾಡಿ, ಅದನ್ನು ಮತ್ತೆ ಕೆಲವು ನೂರು ಹರ್ಟ್ಸ್‌ಗೆ ಏರಿಸುತ್ತದೆ. ಹಾಗೆ ಕತ್ತರಿಸಿ ಕತ್ತರಿಸಿ ಎಳೆಯುವಾಗ ಲೈನಿನಲ್ಲಿ ಹಾರ್ಮೋನಿಕ್ಸ್ ಏಳುತ್ತವೆ, ಅಂದರೆ 50 ಹರ್ಟ್ಸ್‌ನ ಪಟ್ಟುಗಳಲ್ಲಿ ಬರುವ ಬೇಡದ ಅಲೆಗಳು. ಮುಖ್ಯವಾಗಿ 5ನೆಯದು ಮತ್ತು 7ನೆಯದು, 250 ಮತ್ತು 350 ಹರ್ಟ್ಸ್. ಹಳೆ ಶೆಡ್ಡಿನಲ್ಲಿ ಎಲ್ಲಕ್ಕೂ ಒಂದೇ ಟ್ರಾನ್ಸ್‌ಫಾರ್ಮರ್. ಪವರ್ ಫ್ಯಾಕ್ಟರ್‌ಗೆ ಹಾಕಿದ ಕೆಪ್ಯಾಸಿಟರ್‌ಗಳು ಆ ಕೊಳಕು ಕರೆಂಟನ್ನೆಲ್ಲ ತಮ್ಮ ಕಡೆ ಎಳೆದುಕೊಂಡು ಉಬ್ಬುತ್ತಿದ್ದವು. ಒಮ್ಮೆ ಒಂದು ಒಡೆದು ಎಣ್ಣೆ ಗೋಡೆಗೆಲ್ಲ ಹಾರಿತ್ತು. ಹೊಸದರಲ್ಲಿ ಫರ್ನೇಸ್ ಟ್ರಾನ್ಸ್‌ಫಾರ್ಮರ್‌ಗೆ ಎರಡು ಸೆಕೆಂಡರಿ, ಅಂದರೆ ಕರೆಂಟು ಹೊರಬರುವ ಎರಡು ಸುತ್ತು ಹಾಕಿಸಿದೆವು. ಒಂದರ ಜೋಡಣೆ ಸ್ಟಾರ್, ಇನ್ನೊಂದರದು ಡೆಲ್ಟಾ. ಎರಡರ ನಡುವೆ 30 ಡಿಗ್ರಿ ಅಂತರ ಇರುವುದರಿಂದ ಒಂದರ 5ನೆಯದು ಇನ್ನೊಂದರ 5ನೆಯದನ್ನು, ಒಂದರ 7ನೆಯದು ಇನ್ನೊಂದರ 7ನೆಯದನ್ನು ಹೊಡೆದುಹಾಕುತ್ತವೆ. ಇದಕ್ಕೆ 12 ಪಲ್ಸ್ ಅಂತಾರೆ. ಇನ್ನೊಂದು ಟ್ರಾನ್ಸ್‌ಫಾರ್ಮರಿನ ಕೆಪ್ಯಾಸಿಟರ್‌ಗಳಿಗೆ 7 ಪರ್ಸೆಂಟ್ ರಿಯಾಕ್ಟರ್ ಜೋಡಿಸಿದೆವು, ಹಾರ್ಮೋನಿಕ್ಸ್ ಅವುಗಳೊಳಗೆ ನುಗ್ಗದಂತೆ ತಡೆಯುವ ಸುರುಳಿ ಅದು. ಮಾಲಕರು ಕೊಟೇಶನ್ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವತ್ತು ಗೋಡೆಗೆ ಹಾರಿದ್ದ ಎಣ್ಣೆಯ ಕಲೆ ಅವರ ಕೋಣೆಯ ಕಿಟಕಿಯಿಂದಲೇ ಕಾಣುತ್ತಿತ್ತು. ಸಹಿ ಹಾಕಿದರು.

ಲೈನಿನದು ಇನ್ನೊಂದು ಕಥೆ. ಪ್ಲಾಟಿನ ಮುಂದೆಯೇ 11 ಕೆವಿ ಲೈನ್ ಇತ್ತು. ಅಲ್ಲಿಂದಲೇ ಎಳೆದರೆ ಮುಗಿಯಿತಲ್ಲ ಅಂದರು ಎಲ್ಲರೂ. ನಾನು ಆ ಲೈನಿನ ಜೊತೆ ನಡೆದೆ. ಹೊಲಗಳ ನಡುವೆ, ಪಂಪ್‌ಸೆಟ್‌ಗಳಿಗೆ ಕರೆಂಟು ಕೊಡುತ್ತಾ, ಹುಣಸೆ ಮರಗಳ ಕೆಳಗೆ ಹಾದು ಅದು ಬರುತ್ತಿತ್ತು. ನಮ್ಮ ಕಡೆ ಜೂನ್‌ನಿಂದ ಪಶ್ಚಿಮದ ಗಾಳಿ ಮಳೆ ಹೇಗಿರುತ್ತೆ ಅಂತ ಬೆಳಗಾವಿಯವರಿಗೆ ಹೇಳಬೇಕಿಲ್ಲ. ಒಂದು ಟೊಂಗೆ ತಾಗಿದರೂ ಲೈನ್ ಟ್ರಿಪ್. ಸಬ್‌ಸ್ಟೇಷನ್‌ನಲ್ಲಿ ಕೂತು ಲಾಗ್‌ಬುಕ್ ತಿರುವಿದಾಗ ಹಿಂದಿನ ಜುಲೈ ಒಂದರಲ್ಲೇ 31 ಸಲ ಹೋಗಿತ್ತು. ಬಹುಪಾಲು ಎರಡು, ಮೂರು ನಿಮಿಷದ್ದು. ಊರಿನವರಿಗೆ ಮೂರು ನಿಮಿಷ ಏನೂ ಅಲ್ಲ. ನಮಗೆ ಪ್ರತಿ ಸಲವೂ ಅದು ಕಾಕಾ ಕೇಳಿದ ಪ್ರಶ್ನೆಯೇ. ಕೊನೆಗೆ ನಮ್ಮ ಖರ್ಚಿನಲ್ಲೇ ಸಬ್‌ಸ್ಟೇಷನ್‌ನಿಂದ ನೇರವಾಗಿ 2.8 ಕಿಲೋಮೀಟರ್ ಎಕ್ಸ್‌ಪ್ರೆಸ್ ಫೀಡರ್, ಅಂದರೆ ನಮಗೊಬ್ಬರಿಗೇ ಮೀಸಲಾದ ಲೈನ್, ಎಳೆಸಿದೆವು. ಮಂಜೂರಾತಿಗೆ ನಾಲ್ಕೂವರೆ ತಿಂಗಳು ಹಿಡಿಯಿತು. ಎರಡು ಕಡೆ ರೈತರ ಬದುವಿನ ಮೇಲೆ ಕಂಬ ಬರುತ್ತಿತ್ತು. ನಾನೇ ಅವರ ಮನೆಗೆ ಹೋಗಿ ಕೂತು ಮಾತಾಡಿ, ಕಂಬವನ್ನು ರಸ್ತೆ ಬದಿಗೆ ಸರಿಸುವಂತೆ ನಕ್ಷೆ ತಿದ್ದಿಸಿದೆ.

ಅವರಲ್ಲೇ ಒಬ್ಬ ಅಜ್ಜ ನನಗೆ ದೊಡ್ಡ ಉಪಕಾರ ಮಾಡಿದರು. ನಮ್ಮ ಪ್ಲಾಟಿನ ಬೇಲಿಗೆ ಹತ್ತಿಕೊಂಡೇ ಅವರ ಬಾವಿ. ಚಹಾ ಕೊಟ್ಟು, "ಏನೇನು ಕಟ್ಟತೀರಿ?" ಅಂತ ಕೇಳಿದರು. ಫರ್ನೇಸ್ ಕೆಳಗೆ ಎಂಟು ಅಡಿ ಗುಂಡಿ ತೆಗೀತೀವಿ ಅಂದೆ. ಲೈನಿಂಗ್ ಒಡೆದು ರಸ ಸೋರಿದರೆ ಅದು ಬಂದು ಬೀಳುವ ಜಾಗ ಆ ಗುಂಡಿ. ಅಲ್ಲಿ ಒಣ ಮರಳು ಹಾಸಿರಬೇಕು, ಒಂದು ಹನಿ ನೀರೂ ಇರಬಾರದು. ಅಜ್ಜ ನನ್ನನ್ನು ಬಾವಿಯ ಹತ್ತಿರ ಕರೆದುಕೊಂಡು ಹೋದರು. ಮಾರ್ಚ್ ತಿಂಗಳು, ನೀರು ಪಾತಾಳದಲ್ಲಿತ್ತು. ಅವರು ಕಲ್ಲಿನ ಗೋಡೆಯ ಮೇಲಿನ ಹಸಿರು ಗೆರೆಯೊಂದನ್ನು ತೋರಿಸಿದರು. ನೆಲದಿಂದ ನಾಲ್ಕೇ ಅಡಿ ಕೆಳಗೆ. "ಶ್ರಾವಣದಾಗ ನೀರ ಇಲ್ಲಿಗಿ ಬರ್ತೈತ್ರಿ."

ಆ ಹಸಿರು ಗೆರೆಗೆ ಟೇಪ್ ಹಿಡಿದು ಅಳೆದೆ. ಕೈ ನಡುಗಿತು. ನಾವು ಬೇಸಿಗೆಯಲ್ಲಿ ಮಣ್ಣು ಪರೀಕ್ಷೆ ಮಾಡಿಸಿದ್ದೆವು, ವರದಿಯಲ್ಲಿ ನೀರು ಸಿಕ್ಕಿಲ್ಲ ಅಂತ ಇತ್ತು. ಅದು ಸುಳ್ಳೂ ಅಲ್ಲ. ಆದರೆ ಎಂಟು ಅಡಿ ಗುಂಡಿ ಆಗಸ್ಟ್‌ನಲ್ಲಿ ಅರ್ಧ ನೀರಿನ ಮಟ್ಟದ ಕೆಳಗೆ ನಿಂತಿರುತ್ತಿತ್ತು. ವಾಟರ್‌ಪ್ರೂಫಿಂಗ್ ಮಾಡಿ ನಿಲ್ಲಿಸ್ತೀವಿ ಅಂತ ಕಟ್ಟಡದವರು ಭರವಸೆ ಕೊಟ್ಟರು. ನಾನು ಒಪ್ಪಲಿಲ್ಲ. ಸೋರಿದ ರಸ ಬೀಳುವ ಜಾಗದಲ್ಲಿ ಒಂದು ಸಣ್ಣ ಬಿರುಕು ಸಾಕು. ಗುಂಡಿಯನ್ನು ಕೆಳಗೆ ತೋಡುವ ಬದಲು ಫರ್ನೇಸ್ ಪ್ಲಾಟ್‌ಫಾರ್ಮನ್ನೇ ಮೇಲೆತ್ತಿದೆವು. ಗುಂಡಿಯ ತಳ ನೆಲಮಟ್ಟಕ್ಕೇ ಬಂತು. ಅದರಿಂದ ಕ್ರೇನ್ ಮೇಲೆ ಹೋಯಿತು, ಕ್ರೇನ್ ಮೇಲೆ ಹೋದದ್ದರಿಂದ ಶೆಡ್ಡಿನ ಎತ್ತರ ಎಂಟು ಅಡಿ ಏರಿತು, ಉಕ್ಕಿನ ಲೆಕ್ಕ ಪೂರ್ತಿ ಹೊಸದಾಗಿ ಮಾಡಬೇಕಾಯಿತು. ಆರು ವಾರ ಕೆಲಸ ಹಿಂದೆ ಬಿತ್ತು. ಮಾಲಕರು ನನ್ನ ಮೇಲೆ ಸಿಟ್ಟಾಗಿದ್ದು ಅದೊಂದೇ ಸಲ. ಆಗಸ್ಟ್‌ನಲ್ಲಿ ಅವರನ್ನು ಅಜ್ಜನ ಬಾವಿಗೆ ಕರೆದುಕೊಂಡು ಹೋದೆ. ನೀರು ಆ ಹಸಿರು ಗೆರೆಯನ್ನೂ ದಾಟಿ ನಿಂತಿತ್ತು.

ಕೇಬಲ್‌ಗಳ ವಿಷಯದಲ್ಲೂ ಅದೇ ಎಚ್ಚರ. ನೆಲದಲ್ಲಿ ಟ್ರೆಂಚ್ ತೆಗೆದರೆ ಫೌಂಡ್ರಿಯಲ್ಲಿ ವರ್ಷದೊಳಗೆ ಮರಳು ತುಂಬುತ್ತದೆ. ರಸ ಚೆಲ್ಲಿದರೆ ಇಳಿಜಾರು ಹುಡುಕಿಕೊಂಡು ಅಲ್ಲಿಗೇ ಹರಿಯುತ್ತದೆ. ಹಾಗಾಗಿ ಕೇಬಲ್ಲು, ಗಾಳಿಯ ಪೈಪು ಎಲ್ಲ ತಲೆಯ ಮೇಲೆ ಟ್ರೇನಲ್ಲಿ ಹೋದವು. ಮಳೆನೀರಿನ ಪೈಪು ಫರ್ನೇಸ್ ಕಡೆಯ ಕಂಬಗಳಲ್ಲಿ ಒಂದೂ ಇಳಿಯುವುದಿಲ್ಲ.

ಬಿಸಿಯಾದ ನೀರನ್ನು ಗಾಳಿಗೆ ಬಿಟ್ಟು ತಣಿಸುವ ಕೂಲಿಂಗ್ ಟವರ್ ಜಾಗವನ್ನು ಬದಲಿಸಿದವರೂ ಕಾಕಾ ಅವರೇ. ನಾನು ಅದನ್ನು ಪಡುವಣ ಗೋಡೆಗೆ ಹಾಕಿದ್ದೆ, ಪಂಪಿಗೆ ಹತ್ತಿರ ಅಂತ. "ಮಳಿಗಾಲದಾಗ ಗಾಳಿ ಆ ಕಡಿಂದ ಬೀಸ್ತೈತಿ, ತುಂತುರೆಲ್ಲ ಟ್ರಾನ್ಸ್‌ಫಾರ್ಮರ್ ಮ್ಯಾಲೆ ಬರ್ತೈತಿ" ಅಂದರು. ಅವರ ಮಾತು ಸರಿಯಾಗಿತ್ತು. ಟವರ್ ಪೂರ್ವಕ್ಕೆ ಹೋಯಿತು.

ನೀರು ನಾವು ಅಂದುಕೊಂಡಷ್ಟು ಬೇಡ. ಫರ್ನೇಸ್‌ನಿಂದ ನೀರಿಗೆ ಬರುವ ಕಾವು ಸುಮಾರು 200 ಕಿಲೋವ್ಯಾಟ್, ಅದನ್ನು ಆವಿ ಮಾಡಿ ಬಿಡಲು ಗಂಟೆಗೆ 300 ಲೀಟರ್ ಸಾಕು. ಅಚ್ಚು ಮಾಡುವ ಮರಳಿಗೆ ದಿನಕ್ಕೆ ಸಾವಿರ ಲೀಟರ್ ಚಿಲ್ಲರೆ. ಜನ ಕುಡಿಯಲು, ಕೈಕಾಲು ತೊಳೆಯಲು ಬಳಸುವುದು ಅದಕ್ಕಿಂತ ಜಾಸ್ತಿ. ತೊಂದರೆ ಇದ್ದದ್ದು ನೀರಿನ ಗುಣದಲ್ಲಿ. ಬೋರ್‌ವೆಲ್ ನೀರಿನ ಗಡಸುತನ 380 ಪಿಪಿಎಂ. ಹಳೆ ಫರ್ನೇಸಿನ ಕಾಯಿಲ್ ಕತ್ತರಿಸಿದ ಒಂದು ತುಂಡು ನನ್ನ ಡ್ರಾಯರ್‌ನಲ್ಲಿ ಇದೆ. ಹೆಬ್ಬೆರಳು ಹೋಗಬೇಕಾದ ತೂತಿನಲ್ಲಿ ಪೆನ್ಸಿಲ್ಲೂ ಹೋಗುವುದಿಲ್ಲ, ಸುತ್ತಲೂ ಬಿಳಿ ಸುಣ್ಣ ಕಟ್ಟಿದೆ. ಅದನ್ನು ಮೀಟಿಂಗಿಗೆ ತಗೊಂಡು ಹೋಗಿ ಮೇಜಿನ ಮೇಲಿಟ್ಟೆ. ಸಾಫ್ಟ್‌ನರ್ (ಗಡಸು ನೀರನ್ನು ಮೆದು ಮಾಡುವ ಸಾಧನ) ಬೇಕಾ ಅಂತ ಮತ್ತೆ ಯಾರೂ ಕೇಳಲಿಲ್ಲ. ಪ್ಯಾನೆಲ್‌ಗೆ ಬೇರೆಯೇ ಸುತ್ತು, ಅದರಲ್ಲಿ ಲವಣವೆಲ್ಲ ತೆಗೆದ ಡಿಎಂ ನೀರು ಮಾತ್ರ.

ಇನ್ನು ಕಾಕಾ ಕೇಳಿದ ಪೈಪು. ಹತ್ತು ಮೀಟರ್ ಎತ್ತರದಲ್ಲಿ 10,000 ಲೀಟರ್ ಟ್ಯಾಂಕು ಕಟ್ಟಿದೆವು. ಅಷ್ಟು ಎತ್ತರಕ್ಕೆ ಸುಮಾರು ಒಂದು ಕೆಜಿ ಪ್ರೆಶರ್ ಸಿಗುತ್ತದೆ. ಗಂಟೆಗೆ 5,000 ಲೀಟರ್ ಬಿಟ್ಟರೂ ಎರಡು ಗಂಟೆ ಬರುತ್ತದೆ. ಪೈಪಿನಲ್ಲಿ ಒಂದು ಸೊಲೆನಾಯ್ಡ್ ವಾಲ್ವು. ಕರೆಂಟು ಇದ್ದಾಗ ಮುಚ್ಚಿರುತ್ತದೆ, ಹೋದ ಕೂಡಲೇ ಸ್ಪ್ರಿಂಗಿನ ಬಲದಿಂದ ತಾನೇ ತೆರೆಯುತ್ತದೆ. ಮೊದಲು ಬಂದ ಕೊಟೇಶನ್‌ನಲ್ಲಿ ಇದರ ಉಲ್ಟಾ ವಾಲ್ವು ಇತ್ತು, ಕರೆಂಟು ಕೊಟ್ಟರೆ ತೆರೆಯುವಂಥದ್ದು. ಬೇಕಾದ ಹೊತ್ತಿಗೆ ಸರಿಯಾಗಿ ಮುಚ್ಚಿಕೊಂಡು ಕೂರುತ್ತಿತ್ತು. ಅದರ ಪಕ್ಕದಲ್ಲೇ ಕೈಯಿಂದ ತಿರುಗಿಸುವ ಕೆಂಪು ಬಣ್ಣದ ಬೈಪಾಸ್ ವಾಲ್ವು, ನಿಂತವರ ಎದೆಮಟ್ಟಕ್ಕೆ. ಕಾಯಿಲ್ ದಾಟಿ ಬಂದ ನೀರು ತೆರೆದ ತೊಟ್ಟಿಗೆ ಬೀಳುತ್ತದೆ. ಪ್ರತಿ ಹೋಸಿನ ನೀರೂ ಬೇರೆ ಬೇರೆಯಾಗಿ ಕಾಣಬೇಕು, ಬೆರಳಿಟ್ಟು ಬಿಸಿ ನೋಡುವಂತಿರಬೇಕು ಅಂತ ಕಾಕಾ ಹೇಳಿದ್ದರು. ಹಾಗೇ ಮಾಡಿದೆವು. ಜನರೇಟರ್ 125 ಕೆವಿಎ. ಅದರ ಮೇಲೆ ಫರ್ನೇಸ್ ನಡೆಯುವುದಿಲ್ಲ. ನೀರಿನ ಪಂಪು, ಫರ್ನೇಸ್ ಬಗ್ಗಿಸುವ ಹೈಡ್ರಾಲಿಕ್ಸು, ಒಂದು ಕ್ರೇನು, ದೀಪಗಳು ನಡೆಯುತ್ತವೆ. ರಸವನ್ನು ಹೊರಗೆ ಸುರಿದು ಬಿಡಲು ಅಷ್ಟು ಸಾಕು.

ಗಾಳಿಯ ಪೈಪಿನ ಬಗ್ಗೆ ಒಂದೇ ಮಾತು. ಮೇನ್ ಪೈಪಿಗೆ ಸ್ವಲ್ಪ ಇಳಿಜಾರು ಕೊಡಿ, ಪ್ರತಿ ಮಷೀನಿಗೂ ಇಳಿಸುವ ಪೈಪನ್ನು ಮೇನ್ ಪೈಪಿನ ತಲೆಯಿಂದ ತೆಗೆಯಿರಿ, ಹೊಟ್ಟೆಯಿಂದಲ್ಲ. ನಮ್ಮ ಮಳೆಗಾಲದಲ್ಲಿ ಕಂಪ್ರೆಸರ್ ಗಾಳಿಯ ಜೊತೆ ನೀರನ್ನೂ ಹಿಂಡುತ್ತದೆ. ಆ ನೀರು ಮೋಲ್ಡಿಂಗ್ ಮಷೀನಿಗೆ ಹೋದರೆ ಎರಕವೆಲ್ಲ ತೂತು ತೂತು.

ಕಾಗದಪತ್ರಗಳು ಎಲ್ಲರಿಗೂ ಇರುವಂಥವೇ. ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಕಟ್ಟುವ ಮೊದಲು ಒಂದು, ಓಡಿಸುವ ಮೊದಲು ಇನ್ನೊಂದು ಒಪ್ಪಿಗೆ. ಕಾರ್ಖಾನೆ ಇಲಾಖೆಯಿಂದ ನಕ್ಷೆಗೆ ಮಂಜೂರಾತಿ. ವಿದ್ಯುತ್ ಪರಿವೀಕ್ಷಣಾಲಯದವರು ಬಂದು ಅರ್ಥಿಂಗ್ ಅಳೆದರು, ಎರಡು ಅರ್ಥಿಂಗ್ ಗುಂಡಿ ಜಾಸ್ತಿ ಹಾಕಿಸಿದರು. ಒಳ್ಳೆಯದೇ ಆಯಿತು.

ಮೊದಲ ರಸ ತೆಗೆಯುವ ಎರಡು ದಿನ ಮುಂಚೆ, ಖಾಲಿ ಫರ್ನೇಸ್ ಇಟ್ಟುಕೊಂಡು ಪರೀಕ್ಷೆ ಮಾಡೋಣ ಅಂದೆ. ಜನರೇಟರ್ ಬ್ಯಾಟರಿ ವೈರ್ ಬಿಚ್ಚಿಸಿದೆ. ಮೇನ್ ಸ್ವಿಚ್ ಬೀಳಿಸಿದೆವು. ಶೆಡ್ಡೆಲ್ಲ ಮೌನ. ಸೊಲೆನಾಯ್ಡ್ ಟಕ್ ಅಂತು. ಟ್ಯಾಂಕಿನ ಪೈಪಿನಲ್ಲಿ ನೀರು ಇಳಿಯುವ ಸದ್ದು ಕೇಳಿತು. ನಾನು ತೊಟ್ಟಿಯ ಹತ್ತಿರ ಗಡಿಯಾರ ಹಿಡಿದು ನಿಂತಿದ್ದೆ. ಹತ್ತು ಸೆಕೆಂಡು. ಇಪ್ಪತ್ತು. ನಲವತ್ತು. ಹೋಸುಗಳಿಂದ ಬೆರಳು ಗಾತ್ರದ ನೀರು ಬರಬೇಕಿತ್ತು, ಹನಿ ಹನಿ ತೊಟ್ಟಿಕ್ಕುತ್ತಿತ್ತು. ಟ್ಯಾಂಕಿನ ನೀರು ಮಾತ್ರ ಇಳಿಯುತ್ತಲೇ ಇತ್ತು. ಎಲ್ಲಿಗೆ ಹೋಗುತ್ತಿದೆ?

"ಸಾಹೇಬ್ರ, ಪಂಪ್ ನೋಡ್ರಿ!" ಕಾಕಾ ಕೂಗಿದರು.

ಕರೆಂಟಿಲ್ಲದ ಪಂಪು ತಿರುಗುತ್ತಿತ್ತು, ಉಲ್ಟಾ ದಿಕ್ಕಿಗೆ. ಟ್ಯಾಂಕಿನ ನೀರು ಕಾಯಿಲ್ ಕಡೆ ಹೋಗುವ ಬದಲು ಸುಲಭದ ದಾರಿ ಹಿಡಿದು, ಪಂಪಿನ ಮೂಲಕ ಹಿಂದೆ ಸಂಪಿಗೆ ಓಡುತ್ತಿತ್ತು. ಅದನ್ನು ತಡೆಯಲೆಂದೇ ಒಂದು ನಾನ್ ರಿಟರ್ನ್ ವಾಲ್ವು ಇತ್ತು. ಬಿಚ್ಚಿದೆವು. ಅದರ ಬಾಯಲ್ಲಿ ಎರಡು ಇಂಚಿನ ವೆಲ್ಡಿಂಗ್ ರಾಡ್ ತುಂಡು ಸಿಕ್ಕಿಕೊಂಡಿತ್ತು. ಪೈಪು ಜೋಡಿಸುವಾಗ ಒಳಗೆ ಬಿದ್ದದ್ದು. ನಕ್ಷೆ ಸರಿ ಇತ್ತು, ಲೆಕ್ಕ ಸರಿ ಇತ್ತು, ಸಾಮಾನೂ ಒಳ್ಳೆಯದೇ. ಅವತ್ತು ಫರ್ನೇಸ್‌ನಲ್ಲಿ ರಸ ಇದ್ದಿದ್ದರೆ? ಆ ತುಂಡನ್ನು ಕೈಯಲ್ಲಿ ಹಿಡಿದು ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕಾಕಾ ಪಕ್ಕದಲ್ಲಿ ಬಂದು ಕೂತರು. ಇಬ್ಬರೂ ಮಾತಾಡಲಿಲ್ಲ.

ಇಡೀ ನೀರಿನ ಲೈನನ್ನು ಬಿಚ್ಚಿ ತೊಳೆದೆವು. ಎರಡನೇ ನಾನ್ ರಿಟರ್ನ್ ವಾಲ್ವು ಒಂದನ್ನು ಸಾಲಾಗಿ ಹಾಕಿದೆವು, ಅದರ ಹಿಂದೆ ಕಸ ತಡೆಯುವ ಜಾಲರಿ, ಸ್ಟ್ರೇನರ್. ಮತ್ತೆ ಮೇನ್ ಬೀಳಿಸಿದೆವು. ಆರು ಸೆಕೆಂಡಿಗೆ ಎಲ್ಲ ಹೋಸುಗಳಲ್ಲೂ ನೀರು. ಅದೇ ಪರೀಕ್ಷೆಯನ್ನು ಅವತ್ತು ಒಂಬತ್ತು ಸಲ ಮಾಡಿದೆವು.

ನಿಜವಾಗಿ ಕರೆಂಟು ಹೋಗಿದ್ದು ಜುಲೈ ಮೂರನೇ ವಾರ, ರಾತ್ರಿ ಹನ್ನೊಂದರ ಮೇಲೆ. ಎಕ್ಸ್‌ಪ್ರೆಸ್ ಫೀಡರ್ ಆದರೂ ಸಬ್‌ಸ್ಟೇಷನ್ನೇ ಆರಿದರೆ ಏನು ಮಾಡುವುದು. ಫರ್ನೇಸ್‌ನಲ್ಲಿ 800 ಕೆಜಿ ರಸ ಇತ್ತು. ಕತ್ತಲಾಯಿತು, ರಸದ ಕೆಂಪು ಬೆಳಕೊಂದೇ ಮಾಡಿಗೆ ಬಡಿಯುತ್ತಿತ್ತು. ಜನರೇಟರ್ ಹನ್ನೊಂದು ಸೆಕೆಂಡಿಗೆ ಎದ್ದಿತು. ಅಷ್ಟರೊಳಗೆ ಟ್ಯಾಂಕಿನ ನೀರು ಬಂದಾಗಿತ್ತು. ಇಪ್ಪತ್ತು ನಿಮಿಷ ಕಾದೆವು. ಸಬ್‌ಸ್ಟೇಷನ್‌ನಿಂದ ಇನ್ನೂ ಒಂದು ಗಂಟೆ ಆಗುತ್ತೆ ಅಂದರು. ಫರ್ನೇಸ್ ಬಗ್ಗಿಸಿ ರಸವನ್ನು ಗಟ್ಟಿ ಮಾಡಿಡುವ ಒಣ ಅಚ್ಚುಗಳಿಗೆ, ಅಂದರೆ ಪಿಗ್ ಮೋಲ್ಡ್‌ಗಳಿಗೆ ಸುರಿದೆವು. ನೀರು ಬೆಳಗಿನವರೆಗೂ ಹರಿಯಿತು, ಲೈನಿಂಗ್ ತಣ್ಣಗಾಗುವವರೆಗೂ.

ಮರುದಿನ ಕಾಕಾ ನನ್ನ ಕೋಣೆಗೆ ಬಂದು ಒಂದು ದೂರು ಹೇಳಿದರು. ಆ ಹನ್ನೊಂದು ಸೆಕೆಂಡು ಕತ್ತಲಲ್ಲಿ ತೊಟ್ಟಿಗೆ ಬೀಳುವ ನೀರು ಕಾಣಲಿಲ್ಲವಂತೆ, ಸದ್ದು ಕೇಳಿಯೇ ಬಂತು ಅಂತ ತಿಳಿದುಕೊಂಡರಂತೆ. ಸಂಜೆಯೊಳಗೆ ತೊಟ್ಟಿಯ ಮೇಲೆ ಬ್ಯಾಟರಿ ದೀಪ ಒಂದನ್ನು ಕೂರಿಸಿದೆವು.